ಸ್ಥಳೀಯ ಬದಲಿ, ವಯಸ್ಸು ನಲವತ್ತೊಂಬತ್ತು

ಭಾನುವಾರ, ಮಾರ್ಚ್ ೯
ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಕ್ಷೇಮಕ್ಕೆ ಬರೆ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನ ಮಾಡು.

ಕಾಗದ ನೋಡಿ ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ. ವರ್ಷಕ್ಕೆ ಎರಡು ಸಲ ನೀನು ಫೋನ್ ಮಾಡುತ್ತೀಯ, ನನ್ನ ಹುಟ್ಟಿದ ದಿನಕ್ಕೊಂದು, ನಿನ್ನ ಅಮ್ಮ ಹೋದ ದಿನಕ್ಕೊಂದು. ನಾನು ಚಳಿಯ ವಿಷಯ ಹೇಳುತ್ತೇನೆ. ನೀನು ಕನ್ನಡಕದ ಅಂಗಡಿಯವಳಾದ್ದರಿಂದ ನನ್ನ ಕಣ್ಣಿನ ವಿಷಯ ಕೇಳುತ್ತೀಯ. ನಾಲ್ಕು ನಿಮಿಷಕ್ಕೆ ಇಬ್ಬರ ಹತ್ತಿರವೂ ಮಾತು ಖಾಲಿ. ಈಗ ಹೇಳಬೇಕಾಗಿರುವುದು ನಾಲ್ಕು ನಿಮಿಷದಲ್ಲಿ ಹಿಡಿಸುವಂಥದ್ದಲ್ಲ. ಮೇಲಾಗಿ, ಹೇಳುವಾಗ ಆ ಕಡೆಯಿಂದ ನಿನ್ನ ಉಸಿರು ಕೇಳಿಸಿದರೆ ನಾನು ಮತ್ತೆ ಚಳಿಯ ವಿಷಯಕ್ಕೇ ಹೊರಳಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೂರು ವಾರದ ಹಿಂದೆ ರಿಂಕಿಗೆ, ನಮ್ಮ ಮಂಜಿನ ಅಂಗಳಕ್ಕೆ, ಒಬ್ಬರು ಹೆಂಗಸು ಬಂದಿದ್ದರು. ನಾನು ಬೆಳಗಿನ ಕೆಲಸ ಮುಗಿಸಿ ಯಂತ್ರದ ಬ್ಲೇಡು ಒರೆಸುತ್ತಿದ್ದೆ. ಇದು ಹೊಸ ಯಂತ್ರ, ಬ್ಯಾಟರಿಯದು, ಸದ್ದೇ ಇಲ್ಲ. ಮಂಜುಗಡ್ಡೆಯನ್ನು ಕೆರೆದು, ಮೇಲೆ ತೆಳ್ಳಗೆ ನೀರು ಬಿಟ್ಟು, ಕನ್ನಡಿ ಮಾಡಿ ಬರುತ್ತದೆ. ಕೂತು ಓಡಿಸುವವನಿಗೆ ತಾನೂ ಅಲ್ಲಿ ಇಲ್ಲವೇನೋ ಅನ್ನಿಸುತ್ತದೆ, ಅಷ್ಟು ನಿಶ್ಶಬ್ದ. ಆಕೆ ಬಾಗಿಲ ಹತ್ತಿರ ನಿಂತು, ಕೈಗವಸು ತೆಗೆಯದೆ, ತಾವು ನಿವೃತ್ತ ಗ್ರಂಥಪಾಲಕಿ ಎಂದೂ, ಐಸ್ ಹಾಕಿಯ ಚರಿತ್ರೆಯಲ್ಲಿ ನಂಬಲು ಕಷ್ಟವಾದರೂ ನಿಜವಾಗಿ ನಡೆದ ಸಂಗತಿಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಿರುವುದಾಗಿಯೂ ಹೇಳಿದರು.

"ಇಲ್ಲಿ ನಿಮ್ಮನ್ನ ಕೇಳಿದ್ರೆ ಸಾಕು ಅಂದ್ರು ಆಫೀಸಿನವರು. ಬಾಯಿ ಬಿಟ್ರೆ ಹಾಕಿ ಅಂತೆ," ಅಂದರು.

"ಬಾಯಿ ಬಿಟ್ಟು ಬಹಳ ವರ್ಷ ಆಯ್ತು," ಅಂದೆ ನಾನು.

ಆದರೂ ಅವರು ಒಂದು ಪ್ರಶ್ನೆ ಹಾಕಿದರು, ಪರೀಕ್ಷೆ ಮಾಡುವವರ ಹಾಗೆ. ಗೋಲು ಕಾಯುವ ಗೋಲಿಗಳಲ್ಲಿ ಮೊಟ್ಟಮೊದಲು ಮುಖಕ್ಕೆ ಮುಸುಕು ಹಾಕಿ ನಿಂತದ್ದು ಯಾರು ಅಂತ. ಗಂಡಸರ ದೊಡ್ಡ ಲೀಗಿನಲ್ಲಿ ಅದು ರೂಢಿಗೆ ಬರುವುದಕ್ಕೆ ಮೂವತ್ತು ವರ್ಷ ಮೊದಲೇ, ಕಾಲೇಜಿನ ಹುಡುಗಿಯೊಬ್ಬಳು ಕತ್ತಿವರಸೆಯವರ ಜಾಲರಿ ಮುಸುಕು ಹಾಕಿಕೊಂಡು ಗೋಲಿನಲ್ಲಿ ನಿಂತಿದ್ದಳು ಅಂದೆ. ಅವರ ಮುಖ ಅರಳಿತು. ಇನ್ನೊಂದು ಕೇಳಿದರು. ಅದನ್ನೂ ಹೇಳಿದೆ. ಆಮೇಲೆ ಅವರು ಕೇಳದಿದ್ದರೂ ಹೇಳತೊಡಗಿದೆ. ಪಕ್, ಆ ರಬ್ಬರಿನ ಬಿಲ್ಲೆ, ಪುಟಿಯಬಾರದು ಅಂತ ಮ್ಯಾಚಿಗೆ ಮೊದಲು ಅದನ್ನು ಫ್ರೀಜರಿನಲ್ಲಿ ಇಡುವುದು, ಆ ಪ್ರಸಿದ್ಧ ಬೆಳ್ಳಿಯ ಕಪ್ಪಿನ ಮೇಲೆ ಗೆದ್ದ ತಂಡದ ಹೆಸರನ್ನೇ ತಪ್ಪಾಗಿ ಕೆತ್ತಿರುವುದು, ಅದೂ ಒಂದು ಸಲವಲ್ಲ. ಆಕೆ ಕೈಗವಸು ತೆಗೆದು ಬರೆದುಕೊಳ್ಳುತ್ತಿದ್ದರು. ನನ್ನ ಮಾತನ್ನು ಒಬ್ಬರು ಕೂತು ಕೇಳಿ ಎಷ್ಟು ಕಾಲವಾಗಿತ್ತು, ಮಗಳೇ. ನಾಚಿಕೆಯಾಗುತ್ತದೆ ಹೇಳಿಕೊಳ್ಳಲು, ಒರೆಸುವ ಬಟ್ಟೆ ಬದಿಗಿಟ್ಟು ಇನ್ನೂ ಎರಡು ಹೇಳಿದೆ.

ನೀನು ಕೇಳುತ್ತಿದ್ದೆ. ನಿನಗೆ ಆರೋ ಏಳೋ ವರ್ಷ. ಶಾಲೆ ಬಿಟ್ಟ ಮೇಲೆ ಹಳೆಯ ಯಂತ್ರದ ಸೀಟಿನ ತುದಿಯಲ್ಲಿ ನನಗೆ ಒತ್ತಿಕೊಂಡು ಕೂರುತ್ತಿದ್ದೆ. ಒಂದು ಸುತ್ತಿಗೆ ಒಂದು ಸಂಗತಿ ಅಂತ ನಮ್ಮ ಒಪ್ಪಂದ. ಹಿಂದೆಲ್ಲ ಒಂದೊಂದು ಕಡೆಯಲ್ಲೂ ಏಳು ಜನ ಆಡುತ್ತಿದ್ದರು, ಏಳನೆಯವನಿಗೆ ಗೊತ್ತಾದ ಜಾಗವಿರಲಿಲ್ಲ, ಎಲ್ಲಿ ಬೇಕಾದರೂ ಅಲೆಯಬಹುದಿತ್ತು ಅಂದಾಗ ನೀನು, ಹಾಗಾದರೆ ನಾನೇ ಏಳನೆಯವಳು ಅಂದೆ. ಮನೆಯಲ್ಲಿ ಇದ್ದದ್ದು ಮೂರೇ ಜನ. ಆದರೂ ಅದೇ ನಿನ್ನ ಹೆಸರಾಯಿತು. ಇನ್ನೊಂದು ದಿನ, ಹಳೇ ಕಾಲದ ನಿಯಮದಲ್ಲಿ ಗೋಲಿ ಮಂಜಿನ ಮೇಲೆ ಬೀಳುವ ಹಾಗಿರಲಿಲ್ಲ, ಮೊಣಕಾಲೂರುವ ಹಾಗೂ ಇರಲಿಲ್ಲ, ಬಿದ್ದು ಪಕ್ ತಡೆದರೆ ಶಿಕ್ಷೆ ಅಂತ ಹೇಳಿದೆ. ನೀನು ಮುಂದಿನ ಸುತ್ತಿನಲ್ಲಿ, "ಬೇಕಂತ ಬಿದ್ನೋ ಜಾರಿ ಬಿದ್ನೋ ಅಂತ ಹೆಂಗಪ್ಪ ಗೊತ್ತಾಗುತ್ತೆ?" ಅಂದೆ. ಮನೆಗೆ ಬಂದು ನಿನ್ನ ಅಮ್ಮನಿಗೆ ಹೇಳಿದರೆ ಅವಳು ಇಸ್ತ್ರಿ ಮಾಡುತ್ತಿದ್ದ ಅಂಗಿಯಿಂದ ಕಣ್ಣು ತೆಗೆಯದೆ, "ಬಿದ್ದೋನಿಗೆ ಗೊತ್ತಿರುತ್ತೆ," ಅಂದಳು.

ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದು ಮನೆಯಲ್ಲೂ ಅದನ್ನೇ ಮಾಡುತ್ತಿದ್ದ ಹೆಂಗಸು. ಹಾಕಿ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ಬಂದವರ ಎದುರಿಗೆಲ್ಲ ಹೇಳುತ್ತಿದ್ದಳು, ನೆನಪಿದೆಯಾ, "ಇವರಿಗೆ ಮದುವೆ ತಾರೀಖು ನೆನಪಿರಲ್ಲ, ಯಾವ ಆಟಗಾರನ ಹಲ್ಲು ಯಾವತ್ತು ಉದುರ್ತು ಅಂತ ಮಾತ್ರ ಬಾಯಿಪಾಠ."

ಗ್ರಂಥಪಾಲಕಿ ಕೊನೆಗೆ ಚೀಲದಿಂದ ಒಂದು ಕಾಗದ ತೆಗೆದರು. ಹಳೆಯ ಸ್ಕೋರ್ ಪಟ್ಟಿಯ ನಕಲು. ನಮ್ಮದೇ ರಿಂಕು, ನಮ್ಮದೇ ಊರಿನ ತಂಡ, ದೂರದಿಂದ ಬಂದ ಇನ್ನೊಂದು ತಂಡ. ಬಂದ ತಂಡದ ಗೋಲಿಗಳ ಸಾಲಿನಲ್ಲಿ ಒಂದು ಹೆಸರು ಹೊಡೆದುಹಾಕಿ, ಕೆಳಗೆ ಕೈಬರಹದಲ್ಲಿ, "ಸ್ಥಳೀಯ ಬದಲಿ, ವಯಸ್ಸು ೪೯. ಹೊಡೆತ ಹನ್ನೆರಡು, ತಡೆದದ್ದು ಹನ್ನೊಂದು."

"ಇವರು ಇದೇ ರಿಂಕಿನ ಕೆಲಸದೋರಂತೆ. ಪಟ್ಟೀಲಿ ಹೆಸರೇ ಬರೆದಿಲ್ಲ. ನಿಮಗೇನಾದ್ರೂ ಗೊತ್ತಾ?"

"ಗೊತ್ತು."

"ಇದಾರಾ?"

"ಇದಾರೆ. ಒಂಥರಾ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಗ್ರಂಥಪಾಲಕಿಯರಿಗೆ ಹುಡುಕುವುದು ಗೊತ್ತಿರುತ್ತದೆ.

"ಅಯ್ಯೋ, ನೀವೇನಾ," ಅಂದು ಎಷ್ಟು ಸಂತೋಷಪಟ್ಟರೆಂದರೆ, ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಆಮೇಲೆ ಪೆನ್ನು ಹಿಡಿದು ಸಹಜವಾಗಿ ಕೇಳಿದರು, "ಮನೇಲಿ ಏನಂದ್ರು ಆವತ್ತು?"

ನಾನು, "ಏನೂ ಅನ್ನಲಿಲ್ಲ," ಅಂದೆ.

ಆ ಪಟ್ಟಿಯ ತಲೆಯ ಮೇಲೆ ತಾರೀಖು ಇತ್ತು. ಅದನ್ನು ನಿನಗೆ ನಾನು ಬರೆದು ತಿಳಿಸಬೇಕಾಗಿಲ್ಲ. ಪ್ರತಿವರ್ಷ ಆ ದಿನ ನೀನು ಫೋನ್ ಮಾಡುತ್ತೀಯ.

ಇಲ್ಲಿಗೆ ಬಂದ ಮೇಲೆ ಸುತ್ತುಬಳಸು ಬೇಡ. ಆ ದಿನ ಯಂತ್ರ ಕೆಟ್ಟಿರಲಿಲ್ಲ.

ಮಗಳೇ, ಎದ್ದು ಹೋಗಬೇಡ. ಕೂತು ಪೂರ್ತಿ ಓದು.

ನಿನ್ನ ಅಮ್ಮ ಆಸ್ಪತ್ರೆ ಸೇರಿ ಹನ್ನೊಂದು ದಿನವಾಗಿತ್ತು. ಆಪರೇಷನ್ ಆದ ಮೇಲೆ ಪುಪ್ಪುಸಕ್ಕೆ ಸೋಂಕು. ಬೆಳಿಗ್ಗೆ ಡಾಕ್ಟರು ಪರವಾಗಿಲ್ಲ ಅಂದಿದ್ದರು. ಹಿಂದಿನ ದಿನದಿಂದ ನೀನೊಬ್ಬಳೇ ಅವಳ ಪಕ್ಕ ಕೂತಿದ್ದೆ, ಹತ್ತೊಂಬತ್ತು ವರ್ಷದವಳು. ನಾಲ್ಕು ಗಂಟೆಗೆ ಬಂದು ನಿನ್ನನ್ನು ಮನೆಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮ್ಯಾಚು ಶುರುವಾದದ್ದು ಎರಡೂವರೆಗೆ. ಮೊದಲನೇ ವಿರಾಮದಲ್ಲಿ ನಾನೇ ಮಂಜು ಸವರಿದೆ. ಎರಡನೆಯದಕ್ಕೆ ನಮ್ಮ ಎಲೆಕ್ಟ್ರಿಷಿಯನ್ ಒಪ್ಪಿಕೊಂಡಿದ್ದ. ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗ ನಾನು ಕೋಟು ಹಾಕಿಕೊಂಡು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಯಂತ್ರದ ಕೀಲಿಯನ್ನು ಅವನ ಕೈಗೆ ಕೊಟ್ಟೂ ಆಗಿತ್ತು. ಇಷ್ಟು ನಿಜ. ನಾನು ಹೊರಟಿದ್ದೆ.

ಅಷ್ಟರಲ್ಲಿ, ಎರಡನೇ ಭಾಗದ ಕೊನೆಗೆ, ಜನರೆಲ್ಲ ಓ ಎಂದು ಒಟ್ಟಿಗೆ ಕೂಗಿದ್ದು ಕೇಳಿಸಿತು. ಬಂದ ತಂಡದ ಗೋಲಿಗೆ ಯಾರೋ ವೇಗವಾಗಿ ಬಂದು ಡಿಕ್ಕಿ ಹೊಡೆದಿದ್ದರು, ಮೊಣಕಾಲು ತಿರುಚಿದ್ದ ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವರ ಇನ್ನೊಬ್ಬ ಗೋಲಿ ಜ್ವರ ಬಂದು ಊರಿನಲ್ಲೇ ಉಳಿದಿದ್ದ. ಇಂಥ ಸಮಯಕ್ಕೆ ಅಂತಲೇ ನಮ್ಮ ಲೀಗಿನಲ್ಲಿ ಒಂದು ಪದ್ಧತಿಯಿದೆ. ಯಾರ ರಿಂಕೋ ಅವರು ಒಬ್ಬ ಬದಲಿ ಗೋಲಿಯ ಹೆಸರು ಬರೆಸಿಡಬೇಕು, ಎರಡರಲ್ಲಿ ಯಾವ ತಂಡಕ್ಕೆ ಬೇಕಾದರೂ ಅವನು ನಿಲ್ಲಬೇಕು. ನಮ್ಮಲ್ಲಿ ಆ ಹೆಸರು ನನ್ನದು. ಆಗಲೇ ಹದಿನೇಳು ವರ್ಷದಿಂದ ನನ್ನದೇ. ಅಭ್ಯಾಸದ ದಿನ ಗೋಲಿ ಇಲ್ಲದಿದ್ದರೆ ನಾನು ನಿಲ್ಲುತ್ತಿದ್ದದ್ದು ನಿನಗೂ ಗೊತ್ತು. ಇಪ್ಪತ್ತೆರಡನೇ ವಯಸ್ಸಿಗೆ ಆಯ್ಕೆದಾರರು ನನ್ನನ್ನು ಬೇಡ ಅಂದ ಮೇಲೆ ನಿಜವಾದ ಮ್ಯಾಚಿನಲ್ಲಿ ನಾನು ಒಂದು ನಿಮಿಷವೂ ನಿಂತವನಲ್ಲ.

ಬಂದ ತಂಡದ ತರಬೇತುದಾರ ಯಂತ್ರದ ಕೋಣೆಯ ಬಾಗಿಲಿಗೆ ಬಂದ. ದಪ್ಪ ಮನುಷ್ಯ, ಏದುಸಿರು ಬಿಡುತ್ತಿದ್ದ.

"ಬದಲಿ ಗೋಲಿ ಅಂತಾರಲ್ಲ, ನೀವೇನಾ?"

"ಹೌದು."

"ಹೊರಟಿದ್ದೀರಾ?"

ಅವನು ಕೇಳಿದ, ಮಗಳೇ. ಬಾಯಿ ಬಿಟ್ಟು ಕೇಳಿದ. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಎಂದು ಎರಡು ಮಾತು ಅಂದಿದ್ದರೆ ಅವನು ಕೈಮುಗಿದು ಹಿಂದಕ್ಕೆ ಹೋಗುತ್ತಿದ್ದ. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಾನು ಅದನ್ನು ನುಂಗಿಕೊಂಡೆ. "ಇಲ್ಲ, ಈಗ ಬಂದೆ," ಅಂದು ಮಫ್ಲರ್ ಬಿಚ್ಚಿದೆ.

ಹದಿನಾಲ್ಕು ವರ್ಷದಿಂದ ಆ ಮಫ್ಲರ್ ಬಿಚ್ಚುತ್ತಲೇ ಇದ್ದೇನೆ.

ಪ್ಯಾಡು ಕಟ್ಟಿಕೊಳ್ಳುವಾಗ ನನ್ನ ತಲೆಯಲ್ಲಿ ಏನಿತ್ತು ಗೊತ್ತಾ? ಹಳೆಯ ಒಂದು ಫೈನಲ್. ಆ ಕಾಲದಲ್ಲಿ ಎರಡನೇ ಗೋಲಿ ಅಂತ ಇಟ್ಟುಕೊಳ್ಳುವ ಪದ್ಧತಿಯೇ ಇರಲಿಲ್ಲ. ಗೋಲಿಯ ಕಣ್ಣಿಗೆ ಪಕ್ ಬಡಿದಾಗ ನಲವತ್ತನಾಲ್ಕು ವರ್ಷದ ತರಬೇತುದಾರ, ತಲೆ ನರೆತವನು, ತಾನೇ ಪ್ಯಾಡು ಕಟ್ಟಿ ನಿಂತ. ಒಂದೇ ಗೋಲು ಬಿಟ್ಟ. ಅವನ ತಂಡ ಗೆದ್ದಿತು. ಈ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೆನೋ. ನಾನು ಅವನಿಗಿಂತ ಐದು ವರ್ಷ ದೊಡ್ಡವನು ಅಂತ ಲೆಕ್ಕ ಹಾಕಿದೆ. ನಿನ್ನ ಅಮ್ಮನ ಉಸಿರಿನ ಲೆಕ್ಕ ಹಾಕಬೇಕಾದ ಹೊತ್ತಿನಲ್ಲಿ.

ಅವರು ಮೂರು ಎರಡರಿಂದ ಮುಂದಿದ್ದರು. ಮೂರನೇ ಭಾಗ ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ಮೊದಲ ಹೊಡೆತವೇ ನನ್ನ ಎಡಗಾಲಿನ ಪಕ್ಕದಿಂದ ನುಸುಳಿ ಬಲೆಗೆ ಬಿತ್ತು. ಮೂರು ಮೂರು. ನಮ್ಮೂರಿನವರು ಗೋಲು ಹೊಡೆದ ಸಂತೋಷಕ್ಕೆ ಕುಣಿದರು, ನನ್ನ ಹೆಸರು ಕೂಗಿ ನಕ್ಕರು. ದಿನಾ ನನ್ನ ಜೊತೆ ಮಾತಾಡುವವರೇ. ಆಮೇಲೆ ಏನಾಯಿತೋ ನನಗೇ ತಿಳಿಯದು. ಪಕ್ ನಿಧಾನವಾಗಿ ಬರತೊಡಗಿತು. ಇಪ್ಪತ್ತೆರಡರ ಹುಡುಗನ ಕಣ್ಣು ಎಲ್ಲಿತ್ತೋ, ಬಂದು ಕೂತಿತು. ಎದೆಗೆ ಬಡಿದದ್ದು, ಮೊಣಕೈಗೆ ಬಡಿದದ್ದು, ಕೈಗವಸಿನಲ್ಲಿ ಹಿಡಿದದ್ದು. ಬಂದ ತಂಡದವನೊಬ್ಬ ಕೊನೆಯಲ್ಲಿ ಇನ್ನೊಂದು ಗೋಲು ಹೊಡೆದ. ಕೊನೆಯ ಅರ್ಧ ನಿಮಿಷ ನಾನು ಮಂಜಿನ ಮೇಲೆ ಅಡ್ಡ ಬಿದ್ದಿದ್ದೆ, ಪಕ್ ಹೊಟ್ಟೆಯ ಕೆಳಗಿತ್ತು, ಮೇಲೆ ನಾಲ್ಕು ಜನ ಬಿದ್ದಿದ್ದರು.

ಒಂದು ಮಾತು ಬರೆಯದೆ ಹೋದರೆ ಈ ಕಾಗದವೂ ಸುಳ್ಳಾಗುತ್ತದೆ. ಆ ಮುಕ್ಕಾಲು ಗಂಟೆಯಷ್ಟು ಸುಖವನ್ನು ನನ್ನ ಜನ್ಮದಲ್ಲಿ ನಾನು ಕಂಡಿಲ್ಲ. ನೀನು ಹುಟ್ಟಿದ ದಿನ ಹೆದರಿಕೆಯಿತ್ತು, ಮದುವೆಯ ದಿನ ಸಂಕೋಚವಿತ್ತು. ಆವತ್ತು ಏನೂ ಇರಲಿಲ್ಲ. ಹಗುರವಾಗಿದ್ದೆ. ನಿನ್ನ ಅಮ್ಮ ನೆನಪಾದಳೇ ಎಂದು ನೀನು ಕೇಳಬಹುದು. ಇಲ್ಲ. ಒಂದು ಸಲವೂ ಇಲ್ಲ.

ಮ್ಯಾಚು ಮುಗಿದಾಗ ಐದಕ್ಕೆ ಐದು ನಿಮಿಷ ಇತ್ತು. ಪ್ಯಾಡು ಬಿಚ್ಚಿ, ಬಟ್ಟೆ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಐದೂ ಐದರ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ಐದೂ ನಲವತ್ತಕ್ಕೆ. ಅದನ್ನು ಹತ್ತಿ ಬಂದೆ, ಕಾಲು ಗಂಟೆಯ ದಾರಿ.

ನಾನು ಬಂದಾಗ ಆರಕ್ಕೆ ಐದು ನಿಮಿಷ. ನೀನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು. ಐದೂ ಇಪ್ಪತ್ತೈದಕ್ಕೆ ಅಂತ ನರ್ಸ್ ಹೇಳಿದರು. ನೀನು ಹೇಳಿದ್ದು, "ನಾಲ್ಕು ಸಲ ಫೋನ್ ಮಾಡ್ದೆ. ಯಾರೂ ಎತ್ತಲಿಲ್ಲ." ರಿಂಕಿನ ಆಫೀಸಿನ ಗುಮಾಸ್ತನೂ ಮಂಜಿನ ಸುತ್ತಲಿನ ಗಾಜಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ, ಇನ್ಯಾರು ಎತ್ತುತ್ತಾರೆ. ಆಮೇಲೆ ನೀನು, "ಅಮ್ಮ ಎರಡು ಸಲ ಕೇಳಿದ್ರು, ಅಪ್ಪ ಬಂದ್ರಾ ಅಂತ. ದಾರೀಲಿದಾರೆ ಅಂದೆ," ಅಂದೆ.

ಆಗ ನಾನು ಹೇಳಿದೆ, "ಯಂತ್ರ ಕೆಟ್ಟು ನಡುವೇನೇ ನಿಂತುಬಿಡ್ತು. ಬಿಟ್ಟು ಬರೋಕಾಗಲಿಲ್ಲ."

ನನ್ನ ಕೂದಲು ಬೆವರಿನಿಂದ ತೊಯ್ದು ಹೋಗಿತ್ತು. ಯಂತ್ರ ತಳ್ಳಿ ತಳ್ಳಿ ಬೆವರಿದ್ದಾರೆ ಅಂದುಕೊಂಡೆಯೇನೋ, ನಿನ್ನ ಶಾಲು ತೆಗೆದು ನನ್ನ ತಲೆ ಒರೆಸಿದೆ. ಅಮ್ಮನನ್ನು ಕಳೆದುಕೊಂಡು ಅರ್ಧ ಗಂಟೆಯಾದ ಹುಡುಗಿ ನನ್ನ ತಲೆ ಒರೆಸಿದೆ. ಅಲ್ಲೇ, ಆಗಲೇ ನಾನು ಹೇಳಬೇಕಿತ್ತು. ನೀನು ಒರೆಸುತ್ತಿದ್ದೆ, ನಾನು ತಲೆ ಬಗ್ಗಿಸಿ ಕೂತಿದ್ದೆ.

ಊರಿನಲ್ಲಿ ಯಾರೂ ನಿನಗೆ ಹೇಳಲಿಲ್ಲ, ಅದೂ ಆಶ್ಚರ್ಯವಲ್ಲ. ನಮ್ಮೂರಿನ ತಂಡವನ್ನೇ ಸೋಲಿಸಿದವನನ್ನು ಯಾರು ಹೊತ್ತು ಮೆರೆಸುತ್ತಾರೆ? ಮರುದಿನದ ಪತ್ರಿಕೆಯಲ್ಲಿ ಒಂದು ಸಾಲು ಬಂದಿತ್ತಂತೆ. ಆವತ್ತು ನಮ್ಮ ಮನೆಯಲ್ಲಿ ಯಾರು ಪತ್ರಿಕೆ ಓದಿದರು? ಎಲೆಕ್ಟ್ರಿಷಿಯನ್ ಒಬ್ಬನಿಗೆ ಪೂರ್ತಿ ಗೊತ್ತಿತ್ತು. ಅವನ ಕೈ ಹಿಡಿದು ಬೇಡಿಕೊಂಡೆ. ಅವನು ಬಾಯಿಗೆ ಬೀಗ ಹಾಕಿಕೊಂಡ, ಕಳೆದ ವರ್ಷ ಹಾಗೆಯೇ ತೀರಿಹೋದ.

ಎರಡು ತಿಂಗಳಿಗೆ ನೀನು ಊರು ಬಿಟ್ಟೆ. ಆಮೇಲಿನ ಫೋನುಗಳಲ್ಲೆಲ್ಲ ಕೊನೆಗೆ ಒಂದು ಪ್ರಶ್ನೆ ಇರುತ್ತಿತ್ತು. "ಆ ಯಂತ್ರ ಇನ್ನೂ ಇದೆಯಾ?" ಇದೆ ಅನ್ನುತ್ತಿದ್ದೆ. ನೀನು ಹೂಂ ಅನ್ನುತ್ತಿದ್ದೆ. ಅದನ್ನು ಗುಜರಿಗೆ ಹಾಕಿದರು ಎಂದು ಮೂರು ವರ್ಷದ ಹಿಂದೆ ಹೇಳಿದಾಗ, "ಒಳ್ಳೇದಾಯ್ತು," ಅಂದೆ. ಮಗಳೇ, ಇಪ್ಪತ್ತಾರು ವರ್ಷದಲ್ಲಿ ಆ ಯಂತ್ರ ಒಂದು ದಿನವೂ ನನಗೆ ಕೈಕೊಟ್ಟದ್ದಿಲ್ಲ. ಆವತ್ತೂ ಎಲೆಕ್ಟ್ರಿಷಿಯನ್ನಿನ ಕೈಯಲ್ಲಿ ಗಡಿಯಾರದ ಹಾಗೆ ಓಡಿತ್ತು. ಲಾರಿಗೆ ಏರಿಸುವಾಗ ನಾನು ಅಲ್ಲೇ ನಿಂತಿದ್ದೆ. ಸೀಟಿನ ತುದಿಯಲ್ಲಿ, ನೀನು ಕೂರುತ್ತಿದ್ದ ಕಡೆ, ರೆಕ್ಸಿನ್ ಸವೆದು ಹತ್ತಿ ಕಾಣುತ್ತಿತ್ತು. ನನ್ನ ತಪ್ಪನ್ನು ಹೊತ್ತುಕೊಂಡು ಅದು ಹೋಯಿತು. ನಾನು ಇಲ್ಲೇ ಉಳಿದೆ.

ಇರಲಿ. ಗ್ರಂಥಪಾಲಕಿಯ ವಿಷಯಕ್ಕೆ ಬರುತ್ತೇನೆ. ಅವರು ಹೋದ ಮೇಲೆ ಆರು ದಿನ ನನಗೆ ಊಟ ಸೇರಲಿಲ್ಲ. ಪುಸ್ತಕ ಬರುತ್ತದೆ, ನಿನ್ನ ಅಂಗಡಿಯ ಪಕ್ಕ ಪುಸ್ತಕದಂಗಡಿ ಇದೆ ಅಂದಿದ್ದೆ, ಹಾಕಿ ಎಂದು ನೋಡಿದೊಡನೆ ನೀನು ಕೈಗೆತ್ತಿಕೊಳ್ಳುತ್ತೀಯ, ಆ ತಾರೀಖು ಓದುತ್ತೀಯ. ಇದನ್ನು ನೂರು ಸಲ ನೋಡಿದೆ ಮನಸ್ಸಿನಲ್ಲಿ. ಏಳನೇ ದಿನ ರಿಂಕಿನ ಆಫೀಸಿನಿಂದ ಅವರಿಗೆ ಫೋನ್ ಮಾಡಿದೆ.

"ನನ್ನ ಪುಟ ತೆಗೆದುಬಿಡಿ," ಅಂದೆ.

"ಯಾಕೆ ಅಂತ ಕೇಳಬಹುದಾ?"

"ಕೇಳಬೇಡಿ. ಮನೆ ವಿಷಯ."

"ನಿಮ್ಮಂಥೋರು ಸಿಕ್ಕೋದು ಅಪರೂಪ. ಆದ್ರೆ ನೀವು ಬೇಡ ಅಂದ್ಮೇಲೆ ಬೇಡ. ಇನ್ನೂ ಅಚ್ಚಿಗೆ ಹೋಗಿಲ್ಲ, ತೆಗೀತೀನಿ," ಅಂದರು. ಆ ಜಾಗಕ್ಕೆ ಏನು ಹಾಕುತ್ತೀರಿ ಎಂದು ಕೇಳಿದೆ, ಮಾತಿಗೆ. ಹುಟ್ಟೇ ಇರದ ಆಟಗಾರನನ್ನು ಹಾಕುತ್ತಾರಂತೆ. ಅದೂ ನಡೆದದ್ದೇ. ಹೊಸ ಆಟಗಾರರನ್ನು ಆರಿಸುವ ಉದ್ದನೆಯ ಪ್ರಕ್ರಿಯೆಯಿಂದ ಬೇಸತ್ತ ಮ್ಯಾನೇಜರ್ ಒಬ್ಬ, ಒಂದು ಹೆಸರು ಸೃಷ್ಟಿಸಿ, ದೂರದ ದೇಶದವನು ಅಂತ ಹೇಳಿ ಆರಿಸಿಬಿಟ್ಟ. ಲೀಗಿನವರು ನಂಬಿ ಬರೆದುಕೊಂಡರು. ಹುಡುಗ ಯಾವಾಗ ಬರುತ್ತಾನೆ ಎಂದು ಜನ ಕಾಯುತ್ತಿದ್ದರು. "ನಿಜವಾದೋರನ್ನ ತೆಗೆದು ಇಲ್ಲದೋನನ್ನ ಹಾಕೋದು, ನೋಡಿ," ಅಂತ ಆಕೆ ನಕ್ಕರು. ನಾನೂ ನಕ್ಕೆ.

ಆವತ್ತು ಹೊಟ್ಟೆತುಂಬ ಊಟ ಮಾಡಿದೆ. ತೊಳೆದ ತಟ್ಟೆಯನ್ನು ಕಿಟಕಿಯ ಹತ್ತಿರ ಬೋರಲು ಹಾಕಿ, ಕೈ ಒರೆಸಿಕೊಂಡು, ಮಂಚದ ಮೇಲೆ ಕೂತೆ. ನನ್ನ ಕೋಣೆ ನೀನು ನೋಡಿಲ್ಲ. ಬೀಗ ರಿಪೇರಿಯವನ ಅಂಗಡಿಯ ಮೇಲೆ. ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ನನ್ನ ಕೋಟು. ದಿನವಿಡೀ ಕೆಳಗೆ ಕೀಲಿ ಕೊರೆಯುವ ಸದ್ದು. ಆ ಸದ್ದು ನಿಂತಾಗ ಯಾರೋ ಎದ್ದು ಹೋದ ಹಾಗಾಗುತ್ತದೆ. ಕೂತವನಿಗೆ ಹೊಳೆಯಿತು. ಇನ್ನು ಯಾವ ಭಯವೂ ಇಲ್ಲ, ಇನ್ನು ನಿನಗೆ ಹೇಳಲೇಬೇಕು ಅಂತ ನನ್ನನ್ನು ಒತ್ತಾಯಿಸುವುದು ಈ ಲೋಕದಲ್ಲಿ ಒಂದೂ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ, ಎಲೆಕ್ಟ್ರಿಷಿಯನ್ ಇಲ್ಲ, ಯಂತ್ರ ಇಲ್ಲ, ಈಗ ಪುಟವೂ ಇಲ್ಲ. ವರ್ಷಕ್ಕೆ ಎಂಟು ನಿಮಿಷ ನಾವಿಬ್ಬರೂ ಚಳಿಯ ವಿಷಯ, ಕಣ್ಣಿನ ವಿಷಯ ಮಾತಾಡಿಕೊಂಡು, ಒಂದು ದಿನ ಅದೂ ನಿಲ್ಲುತ್ತದೆ. ಆ ಆರು ದಿನದ ಭಯಕ್ಕಿಂತ ಈ ನೆಮ್ಮದಿ ನನಗೆ ಹೆಚ್ಚು ಕೆಟ್ಟದಾಗಿ ಕಂಡಿತು.

ಹಿಂದೊಮ್ಮೆ ಒಂದು ದೊಡ್ಡ ಸಾಂಕ್ರಾಮಿಕ ಜ್ವರ ಬಂದು, ಆಟಗಾರರೇ ಹಾಸಿಗೆ ಹಿಡಿದು, ಫೈನಲನ್ನು ಅರ್ಧಕ್ಕೇ ಬಿಟ್ಟರು. ಒಬ್ಬ ಆಟಗಾರ ತೀರಿಹೋದ. ಆ ವರ್ಷದ ಜಾಗದಲ್ಲಿ ಕಪ್ಪಿನ ಮೇಲೆ ಎರಡು ತಂಡದ ಹೆಸರೂ ಇದೆ, ಕೆಳಗೆ, ಸರಣಿ ಪೂರ್ತಿಯಾಗಲಿಲ್ಲ ಅಂತ ಇದೆ. ಗೆದ್ದವರಿಲ್ಲ, ಸೋತವರಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ. ನೀನು ಚಿಕ್ಕವಳು, ಸಾವಿನ ಕಥೆ ಬೇಡ ಅಂತ ನಿನ್ನ ಅಮ್ಮ ತಡೆದಿದ್ದಳು. ಈಗ ನಿನಗೆ ಮೂವತ್ತಮೂರು.

ಕ್ಷಮಿಸು ಅಂತ ನಾನು ಕೇಳುತ್ತಿಲ್ಲ. ಕೇಳುವುದಾದರೆ ಅವಳನ್ನು ಕೇಳಬೇಕು, ಅವಳು ಏನನ್ನುತ್ತಾಳೋ ನನಗೆ ಗೊತ್ತು, ಇಸ್ತ್ರಿಯಿಂದ ಕಣ್ಣು ತೆಗೆಯುವುದೂ ಇಲ್ಲ. ನಿನ್ನನ್ನು ಕೇಳುವುದು ಒಂದೇ. ಆ ಯಂತ್ರವನ್ನು ಬೈಯುವುದು ಬಿಡು. ಬೈಯಬೇಕು ಅನ್ನಿಸಿದರೆ ನನ್ನನ್ನು ಬೈ. ಫೋನ್ ಮಾಡಿ ಬೈದರೂ ಸರಿ, ನಾನು ಚಳಿಯ ವಿಷಯ ಎತ್ತುವುದಿಲ್ಲ. ಮಾಡದಿದ್ದರೂ ನನಗೆ ಅರ್ಥವಾಗುತ್ತದೆ. ದಾರಿಯಲ್ಲಿದ್ದಾರೆ ಎಂದು ಅಮ್ಮನಿಗೆ ನೀನು ಹೇಳಿದ ಆ ಸುಳ್ಳು ನಿನ್ನನ್ನು ಕಾಡುತ್ತಿದ್ದರೆ, ಅದೂ ನನ್ನ ಲೆಕ್ಕಕ್ಕೇ ಸೇರಿದ್ದು, ನಿನ್ನದಲ್ಲ.

ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ರಿಂಕಿನವರು ಏನೋ ಸಣ್ಣ ಸಮಾರಂಭ ಅನ್ನುತ್ತಿದ್ದಾರೆ, ಬೇಡ ಅಂದಿದ್ದೇನೆ. ಆಮೇಲೂ ಇದೇ ವಿಳಾಸ. ನಿನ್ನ ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನನ್ನು ಅಷ್ಟು ಹೊತ್ತು ಕಾಯಿಸಿದ
ನಿನ್ನ ಅಪ್ಪ

ತಾ.ಕ.: ಮೇಲೆ ಬರೆದದ್ದನ್ನು ಎರಡು ಸಲ ಓದಿದೆ. ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ, ಹಳೆಯ ರೂಢಿಯಿಂದ ಕೈ ತಾನಾಗಿಯೇ ಬರೆದುಬಿಟ್ಟಿದೆ. ಹೊಡೆದುಹಾಕುವುದಿಲ್ಲ, ನೀನು ನೋಡಬೇಕು. ಐದೂ ಐದರ ಬಸ್ಸು ಹೋಗಿರಲಿಲ್ಲ. ಗಾಜಿನ ಬಾಗಿಲಿನಾಚೆ ದೀಪ ಹಾಕಿಕೊಂಡು ನಿಂತಿತ್ತು, ನಾನು ನೋಡಿದೆ. ಬಂದ ತಂಡದವರು, ಒಂದು ಫೋಟೋ, ಒಂದೇ ಒಂದು ಫೋಟೋ, ಅಂತ ನನ್ನನ್ನು ಎತ್ತಿಕೊಂಡರು. ಗ್ರಂಥಪಾಲಕಿ ಆಮೇಲೆ ಹುಡುಕಿ ಅದರ ಪ್ರತಿಯನ್ನು ನನಗೆ ಕಳಿಸಿದ್ದರು, ಇದರ ಜೊತೆ ಇಟ್ಟಿದ್ದೇನೆ. ನಿನ್ನ ಕಣ್ಣಿಗೆ ಭೂತಗನ್ನಡಿ ಬೇಕಾಗಲಾರದು. ಹಿಂದೆ ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತು ಆಗಿದೆ. ನಡುವೆ, ಎಲ್ಲರ ಭುಜದ ಮೇಲೆ ಕೂತು ನಗುತ್ತಿರುವವನು ನಾನು.